ಅಡ್ಡಿಲ್ಲ ಎಂಬ ಒಂದು ಮಾತು

ಪ್ರಯೋಗಾಲಯದ ಬಾಗಿಲು ದಾಟಿದೊಡನೆ ಅವರು ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ಎಡ ಹೆಗಲ ಮೇಲೆ ಒಂದು ಬೈರಾಸು ಹಾಕಿಕೊಳ್ಳುತ್ತಿದ್ದರು. ಬೈರಾಸು ಎಂದರೆ ಕರಾವಳಿಯವರ ಬಾಯಲ್ಲಿ ಮೈ ಒರೆಸುವ ಬಟ್ಟೆ. ಮೈಸೂರಿನವರಾದ ನಾವು ಟವಲ್ಲು ಎನ್ನುತ್ತೇವೆ. ಕುಂದಾಪುರದಿಂದ ಮ್ಯಾಂಚೆಸ್ಟರಿಗೆ ಬಂದು ದಶಕಗಳೇ ಕಳೆದಿದ್ದರೂ ಆ ಕೆಂಪು ಚೌಕಳಿಯ ಬಟ್ಟೆ ಮಾತ್ರ ಊರಿನಿಂದಲೇ ಬರಬೇಕು. ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸಾಲಾಗಿ ಇಟ್ಟ ಕಾಂಕ್ರೀಟ್ ಬ್ಲಾಕುಗಳ ಮುಖವನ್ನು ಒಂದೊಂದಾಗಿ ಒರೆಸುವುದು ಬೆಳಗಿನ ಮೊದಲ ಕೆಲಸ. ಒರೆಸಿದ ಮೇಲೆ, ಅದು ಒಣಗುವುದನ್ನು ನೋಡುತ್ತ ಕೈಕಟ್ಟಿ ನಿಲ್ಲುವುದು ಎರಡನೆಯ ಕೆಲಸ. ಬರಿಗಣ್ಣಿಗೆ ಸಿಗದ ಬಿರುಕಿದ್ದರೆ, ಸುತ್ತಲಿನ ಮೈ ಒಣಗಿ ಬೆಳ್ಳಗಾದ ಮೇಲೂ ಅದರೊಳಗೆ ಉಳಿದ ನೀರು ಕೂದಲೆಳೆಯಂತೆ ಕಪ್ಪಗೆ ಕಾಣುತ್ತದೆ. ಅದು ಕಾಣುವ ತನಕ ಅವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಗಣಿತವನ್ನಂತೂ ನಂಬುತ್ತಲೇ ಇರಲಿಲ್ಲ. ಗಣಿತ ನನ್ನದಾಗಿತ್ತು.

ಅವರು ಹೋದ ಮೇಲೆ ಅವರ ಹೆಂಡತಿ, ನಮ್ಮ ಕನ್ನಡ ಬಳಗದ ಸಂಚಿಕೆಗೆ ನಾನೇ ಬರೆಯಬೇಕೆಂದು ಕೇಳಿಕೊಂಡರು. ಹೆಸರು ಹಾಕದೆ ಬರೆಯುತ್ತೇನೆ ಎಂದು ಒಪ್ಪಿದೆ. ನನ್ನಲ್ಲಿ ಅವರ ಮೇಲೆ ದೂರುಗಳಿವೆ. ಉತ್ತರ ಕೊಡಲು ಅವರಿಲ್ಲ. ಹೆಸರು ಹಿಡಿದು ಜಗಳವಾಡಬಾರದು.

ಮೊದಲು ಅವರನ್ನು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಡಿಡ್ಸ್‌ಬರಿಯ ಒಂದು ಚರ್ಚ್ ಹಾಲಿನಲ್ಲಿ ನಡೆದ ದೀಪಾವಳಿ ಊಟದಲ್ಲಿ. ನಮ್ಮ ಬಳಗದಲ್ಲಿ ಆಗ ಎರಡೇ ಜಾತಿ: ಡಾಕ್ಟರುಗಳು, ಮತ್ತು ಡಾಕ್ಟರುಗಳಿಗೆ ಸಂಬಂಧಪಟ್ಟವರು. ನನ್ನ ಯಜಮಾನರು ಸ್ಟಾಕ್‌ಪೋರ್ಟಿನಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯರು. ಆದ್ದರಿಂದ ಇಪ್ಪತ್ತು ವರ್ಷ ನನ್ನ ಹೆಸರು ‘ಡಾಕ್ಟರ್ ಮಿಸೆಸ್’ ಎಂದಷ್ಟೇ ಇತ್ತು. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ್ದೆ, ಮಕ್ಕಳು ದೊಡ್ಡವರಾದ ಮೇಲೆ ಇಲ್ಲಿಯೂ ಒಂದು ಪದವಿ ಪಡೆದಿದ್ದೆ ಎಂಬುದನ್ನು ಆ ಹಾಲಿನಲ್ಲಿ ಒಬ್ಬರೂ ಕೇಳಿದವರಲ್ಲ. ಅವರ ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞೆ. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ಕಾಂಕ್ರೀಟ್ ಪ್ರಯೋಗಾಲಯ ನಡೆಸುವ ಮನುಷ್ಯ ಅಲ್ಲಿ ‘ಲೇಡಿ ಡಾಕ್ಟರ ಯಜಮಾನರು’.

ಅಂದು ಒಬ್ಬ ಹೃದಯತಜ್ಞರು ಎಲೆಯ ಮುಂದೆ ಕುಳಿತೇ ಅವರನ್ನು ಕೂಗಿದರು: “ಏನ್ ಸಾರ್, ಸಿಮೆಂಟ್ ಕೆಲಸದೋರು ನೀವು. ನಮ್ಮ ಬಾತ್‌ರೂಮಿಗೆ ಟೈಲ್ಸ್ ಹಾಕ್ಸಬೇಕಿತ್ತು. ಯಾರಾದ್ರೂ ಗೊತ್ತಾ?”

ಇವರು ಸಾರಿನ ಪಾತ್ರೆ ಕೆಳಗಿಟ್ಟು ಗಂಭೀರವಾಗಿ ಹೇಳಿದರು: “ನನ್ಗೆ ಒಡೆಯುದು ಹೇಗೆ ಅಂತ ಮಾತ್ರ ಗೊತ್ತುಂಟು ಮಾರಾಯ್ರೆ. ಹಾಕುದು ಗೊತ್ತಿಲ್ಲ.”

ನಾನು ನಕ್ಕುಬಿಟ್ಟೆ. ಅವರು ತಿರುಗಿ, “ನೀವು ಎಂತ ಮಾಡುದು?” ಎಂದರು.

“ಮನೇಲಿದೀನಿ. ಸಿವಿಲ್ ಓದಿದ್ದೆ.”

“ಸಿವಿಲ್ ಓದಿ ಮನೇಲಿ ಎಂತ ಮಾಡ್ತೀರಿ ಮಾರಾಯ್ರೆ? ಗೋಡೆ ನೋಡಿಕೊಂಡು ಕೂತದ್ದಾ?”

ಈ ‘ಮಾರಾಯ್ರೆ’ ನನಗೆ ಚುಚ್ಚಿತು. ನಮ್ಮಲ್ಲಿ ‘ಅಯ್ಯೋ ಮಹರಾಯ್ತಿ, ಸಾಕು ಮಾಡು’ ಎಂದು ಕಾಟ ತಾಳಲಾರದೆ ಕೈಮುಗಿಯುವಾಗ ಬರುವ ಮಾತು ಅದು. ಅವರ ಕಡೆ ಅದು ಬರಿಯ ಸಲಿಗೆ ಎಂದು ಯಜಮಾನರು ದಾರಿಯುದ್ದಕ್ಕೂ ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ಅವರ ವಿಭಾಗದಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಖಾಲಿ ಬಿದ್ದಾಗ ಅರ್ಜಿ ಹಾಕಿದೆ, ಸಿಕ್ಕಿತು. ಪ್ರತಿದಿನ ಸ್ಟಾಕ್‌ಪೋರ್ಟಿನಿಂದ ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣಕ್ಕೆ ರೈಲು. ಕುತ್ತಿಗೆಯಲ್ಲಿ ನನ್ನದೇ ಹೆಸರಿನ ಬಿಲ್ಲೆ. ಅದನ್ನು ಮನೆಗೆ ಬಂದ ಮೇಲೂ ಬಹಳ ಹೊತ್ತು ತೆಗೆಯುತ್ತಿರಲಿಲ್ಲ.

ಕೆಲಸವೇನೆಂದು ಹೇಳಿಬಿಡುತ್ತೇನೆ. ಈ ದೇಶದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಸೇತುವೆ, ಕಾರ್ ಪಾರ್ಕುಗಳ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ; ಒಳಗಿನಿಂದ ಒತ್ತುತ್ತದೆ; ಕಾಂಕ್ರೀಟು ಸೀಳುತ್ತದೆ. ತುಕ್ಕು ಹುಟ್ಟಿದ ಎಷ್ಟು ಕಾಲಕ್ಕೆ ಬಿರುಕು ಹೊರಮೈಗೆ ಬರುತ್ತದೆ ಎಂದು ಲೆಕ್ಕದಿಂದ ಹೇಳುವುದು ನನ್ನ ಪಾಲಿನದು. ಸರಳು ಹುದುಗಿಸಿದ ಬ್ಲಾಕುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ, ಸಣ್ಣ ವಿದ್ಯುತ್ತು ಹಾಯಿಸಿ ತುಕ್ಕನ್ನು ಅವಸರಪಡಿಸಿ, ಅದು ನಿಜವೇ ಎಂದು ನೋಡುವುದು ಅವರ ಪಾಲಿನದು.

ಅವರ ನಾಲಿಗೆ ಎಲ್ಲರಿಗೂ ಒಂದೇ ಆಗಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಯಾರ್ಕ್‌ಷೈರಿನ ಲ್ಯಾಬ್ ಸಹಾಯಕನಿಗೂ “ನೋ, ನೋ, ಮಾರಾಯ” ಎನ್ನುತ್ತಿದ್ದರು. ಆತ ಅದನ್ನು ಕಾಂಕ್ರೀಟಿಗೆ ಬರುವ ಒಂದು ದೋಷವೆಂದೇ ತಿಳಿದು, ಮಿಶ್ರಣ ತೆಳ್ಳಗಾದ ದಿನ “ಇವತ್ತು ಸ್ವಲ್ಪ ಮಾರಾಯ ಆಗಿದೆ” ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದ್ದ.

ಒಮ್ಮೆ ಅವರನ್ನು ಸಂಸಾರ ಸಮೇತ ಮನೆಗೆ ಊಟಕ್ಕೆ ಕರೆದೆವು. ಬಂದವರು ಒಳಗೆ ಕಾಲಿಡಲಿಲ್ಲ. ಮನೆಯ ಮುಂದೆ ನಾವು ಹೊಸದಾಗಿ ಹಾಕಿಸಿದ್ದ ಕಾಂಕ್ರೀಟ್ ಅಂಗಳದ ಮೇಲೆ, ಅಂಗಳ ತೊಳೆಯಲು ಇಟ್ಟಿದ್ದ ಚೊಂಬಿನ ನೀರು ಸುರಿದು ಕುಕ್ಕರುಗಾಲಿನಲ್ಲಿ ಕುಳಿತರು. ಉಳಿದ ಅತಿಥಿಗಳೂ ಸುತ್ತ ನೆರೆದರು. “ಮೂರು ಕಡೆ ಬಿರುಕು ಉಂಟು,” ಎಂದರು, ಎಲ್ಲರಿಗೂ ಕೇಳುವಂತೆ. ನನ್ನ ಯಜಮಾನರ ಮುಖ ನೋಡುವಂತಿರಲಿಲ್ಲ. ಆಮೇಲೆ ನಾನು ಬೆಳಗಿನಿಂದ ನಿಂತು ಮಾಡಿದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಹೇಗಿದೆ ಎಂದು ಕೇಳಿದ್ದಕ್ಕೆ ಒಂದೇ ಮಾತು: “ಅಡ್ಡಿಲ್ಲ.”

ಅಡ್ಡಿಲ್ಲ! ತಿನ್ನಲು ಅಭ್ಯಂತರವಿಲ್ಲ ಎಂದು. ಪಾತ್ರೆ ತೊಳೆಯುವಾಗ ಆ ಮಾತನ್ನು ನಾನು ಎಷ್ಟು ಸಲ ಹಿಂಡಿದೆನೋ.

ನನ್ನ ಲೆಕ್ಕ ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಸರಳಿನ ಸುತ್ತಲಿನ ಕಾಂಕ್ರೀಟನ್ನು ದಪ್ಪ ಗೋಡೆಯ ಒಂದು ಬಳೆಯೆಂದು ಭಾವಿಸಿ, ತುಕ್ಕಿನ ಒತ್ತಡಕ್ಕೆ ಆ ಬಳೆ ಒಳಗಿನಿಂದ ಹೊರಕ್ಕೆ ಹೇಗೆ ಹಂತಹಂತವಾಗಿ ಸೀಳುತ್ತದೆ ಎಂದು ಸಮೀಕರಣಗಳನ್ನು ಕಟ್ಟಿದೆ. ಕೊನೆಗೆ ಒಂದು ವಕ್ರರೇಖೆ ಬಂತು. ಆ ರೇಖೆಯನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ನನ್ನ ಮೈ ಜುಮ್ಮೆಂದಿತು. ಐವತ್ತು ಹತ್ತಿರವಾಗುತ್ತಿರುವ ಹೆಂಗಸು, ಗಂಡನ ಕ್ಲಿನಿಕ್ಕಿನ ಸರದಿಪಟ್ಟಿ ಹೊಂದಿಸಿಕೊಂಡು ಬದುಕಿದವಳು, ಜಗತ್ತಿಗೆ ಗೊತ್ತಿಲ್ಲದ ಒಂದು ಗೆರೆ ಎಳೆದಿದ್ದಳು. ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಮ್ಮೇಳನವಿತ್ತು. ಅಲ್ಲಿ ಪ್ರಬಂಧ ಓದಿದರೆ ನನ್ನ ಹೆಸರು ಅಚ್ಚಾಗುತ್ತದೆ. ಅಷ್ಟೇ ನನಗೆ ಬೇಕಾಗಿದ್ದುದು. ಅದಕ್ಕಿಂತ ಹೆಚ್ಚಿನದನ್ನು ಆಗ ಬದುಕಿನಿಂದ ನಾನು ಕೇಳುತ್ತಿರಲಿಲ್ಲ.

ಕರಡನ್ನು ಅವರ ಮೇಜಿನ ಮೇಲಿಟ್ಟೆ. ಅಂದೇ ಅವರು ಊರಿಗೆ ಹೊರಟಿದ್ದರು. ತಾಯಿಗೆ ತುಂಬ ಕಾಯಿಲೆಯೆಂದು ಫೋನ್ ಬಂದಿತ್ತು. ನಿಂತುಕೊಂಡೇ ಪುಟ ತಿರುವಿದರು. ವಕ್ರರೇಖೆಯ ಹತ್ತಿರ ಬೆರಳಿಟ್ಟು ಬಹಳ ಹೊತ್ತು ನೋಡಿದರು.

“ಹೇಗಿದೆ ಸಾರ್? ಕಳಿಸಿಬಿಡಲಾ?” ಎಂದೆ.

“ಅಡ್ಡಿಲ್ಲ,” ಎಂದರು. ಬೈರಾಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ವರ್ಷದ ದುಡಿಮೆಗೆ, ಬಿಸಿಬೇಳೆಬಾತಿಗೆ ಸಿಕ್ಕಿದ ಮಾತೇ ಸಿಕ್ಕಿತ್ತು. ಆದರೂ ಅನುಮತಿ ಅನುಮತಿಯೇ ಎಂದುಕೊಂಡು ಮಧ್ಯಾಹ್ನದ ಅಂಚೆಗೆ ಕಳಿಸಿದೆ, ಇಬ್ಬರ ಹೆಸರಿನಲ್ಲಿ.

ಅವರು ತಾಯಿಯ ಕಾರ್ಯಗಳನ್ನು ಮುಗಿಸಿ ಹಿಂತಿರುಗಿದ್ದು ಸಮ್ಮೇಳನದ ಹಿಂದಿನ ದಿನ. ಮಾರನೆಯ ಬೆಳಿಗ್ಗೆ ನಾನು ರೈಲಿನಲ್ಲಿ ಹೋದೆ. ಅವರು ಲ್ಯಾಬಿಗೆ ಹೋಗಿ, ಮೇಜಿನ ಮೇಲೆ ಸಮ್ಮೇಳನದ ಪಟ್ಟಿ ಕಂಡು, ತಾವಿಲ್ಲದಾಗ ನಾನೂ ಸೇರಿ ಯಾರೂ ಒರೆಸಿ ನೋಡದಿದ್ದ ಬ್ಲಾಕುಗಳನ್ನು ಒರೆಸಿ, ಆಮೇಲೆ ಕಾರಿನಲ್ಲಿ ಬಂದರು. ನಾನು ವೇದಿಕೆಯ ಮೇಲಿದ್ದಾಗ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತದ್ದನ್ನು ಕಂಡೆ. ತಲೆಗೂದಲು ಬೋಳಿಸಿದ್ದರಿಂದ ಮೊದಲು ಗುರುತು ಸಿಗಲಿಲ್ಲ.

ನನ್ನ ಮಾತು ಚೆನ್ನಾಗಿಯೇ ಮುಗಿಯಿತು. ಚಪ್ಪಾಳೆಯೂ ಆಯಿತು. ಆಗ ಮುಂದಿನ ಸಾಲಿನಲ್ಲಿದ್ದ ಯಾವುದೋ ಕೌನ್ಸಿಲಿನ ಎಂಜಿನಿಯರೊಬ್ಬರು ಎದ್ದು, ತಮ್ಮ ಊರಿನ ಕಾರ್ ಪಾರ್ಕಿನಲ್ಲಿ ತುಕ್ಕು ಹುಟ್ಟಿರುವುದು ಖಚಿತವಾಗಿದೆ, ಹೊರಗೆ ಬಿರುಕು ಕಾಣುತ್ತಿಲ್ಲ, ಈ ರೇಖೆಯ ಪ್ರಕಾರ ಇಷ್ಟು ಹೊತ್ತಿಗೆ ಒಳಗೆಲ್ಲ ಸೀಳಿರಲೇಬೇಕು, ಹಾಗಾದರೆ ಮೇಲಿನ ಮಹಡಿಯನ್ನು ಪೂರ್ತಿ ಒಡೆದು ತೆಗೆಯುವುದೇ ಸರಿಯೇ, ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಅವರು ಎದ್ದರು.

“ದಯವಿಟ್ಟು ಈ ರೇಖೆಯನ್ನು ಬಳಸಬೇಡಿ,” ಎಂದರು ಇಂಗ್ಲಿಷಿನಲ್ಲಿ. “ನಮ್ಮ ಬ್ಲಾಕುಗಳು ಈ ರೇಖೆಯನ್ನು ದಾಟಿವೆ. ಇವತ್ತು ಬೆಳಿಗ್ಗೆ ನೋಡಿ ಬಂದಿದ್ದೇನೆ. ಒಂದೂ ಬಿರುಕು ಬಿಟ್ಟಿಲ್ಲ. ರೇಖೆ ತಪ್ಪು. ಈ ಪ್ರಬಂಧದಲ್ಲಿ ನನ್ನ ಹೆಸರೂ ಇದೆ, ನಾಚಿಕೆಯಾಗುತ್ತಿದೆ.”

ಆಗಿನ ಕಾಲಕ್ಕೆ ಪಾರದರ್ಶಕ ಹಾಳೆಯನ್ನು ದೀಪದ ಮೇಲಿಟ್ಟು ಗೋಡೆಗೆ ಬೀಳಿಸುತ್ತಿದ್ದರು. ನನ್ನ ಬೆರಳು ಇನ್ನೂ ಆ ರೇಖೆಯ ಮೇಲಿತ್ತು. ಗೋಡೆಯ ಮೇಲೆ ಅದರ ನೆರಳು, ಬಾಳೆಕಾಯಿಯಷ್ಟು ದಪ್ಪಗೆ, ಇಡೀ ಸಭೆಗೆ ಕಾಣುವಂತೆ ಬಿದ್ದಿತ್ತು. ಬೆರಳು ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಧ್ಯಕ್ಷರು ದೀಪ ಆರಿಸಿದರು.

ಇದೆಲ್ಲ ಇಷ್ಟು ವರ್ಷಗಳ ಮೇಲೆ ನೆನೆದರೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಎಂಜಿನಿಯರನ್ನು ಚಹಾದ ವೇಳೆಯಲ್ಲಿ ಕರೆದು ಹೇಳಬಹುದಾಗಿತ್ತು. ನನ್ನ ಕೈಗೆ ಒಂದು ಚೀಟಿ ಕೊಡಬಹುದಾಗಿತ್ತು. ಈ ವಿಷಯದಲ್ಲಿ ನಾನು ಇಂದಿಗೂ ಅವರನ್ನು ಕ್ಷಮಿಸಿಲ್ಲ.

ಹಿಂತಿರುಗುವಾಗ ಅವರ ಕಾರಿನಲ್ಲೇ ಬರಬೇಕಾಯಿತು. ಸಂಜೆಯ ರೈಲು ರದ್ದಾಗಿತ್ತು. ಕಂಬಗಳ ಮೇಲೆ ನಿಂತ ಮೋಟರ್‌ವೇಯಲ್ಲಿ ವಾಹನಗಳು ಇಂಚಿಂಚು ಸರಿಯುತ್ತಿದ್ದವು. ಮುಂದೆ ಒಂದು ಲಾರಿ ಉಪ್ಪು ಎರಚುತ್ತ ಹೋಗುತ್ತಿತ್ತು. ಹರಳುಗಳು ನಮ್ಮ ಗಾಜಿಗೆ ಸಿಡಿಯುತ್ತಿದ್ದವು.

“ನೀವೇ ಅಡ್ಡಿಲ್ಲ ಅಂದ್ರಿ,” ಎಂದೆ ಕೊನೆಗೆ.

“ಹೌದು. ಅಂದಿದ್ದೆ. ಅಷ್ಟು ಚಂದ ಉಂಟಲ್ಲ ಲೆಕ್ಕ. ಅದಕ್ಕೆ ಅಂದದ್ದು.”

“ನಾನು ಕೇಳಿದ್ದು ಕಳಿಸಲಾ ಅಂತ!”

“ಹೇಗಿದೆ ಅಂತ ಕೇಳಿದ್ರಿ ಮಾರಾಯ್ರೆ. ಕಳಿಸುದು ಅಂದದ್ದು ನನ್ಗೆ ಕಿವಿಗೇ ಬೀಳ್ಳಿಲ್ಲ. ಅಮ್ಮನ ಚಿಂತೆಯಲ್ಲಿದ್ದೆ. ಬ್ಲಾಕ್ ಒಡೆಯುವ ಮುಂಚೆ ಯಾರಾದ್ರೂ ಕಳಿಸ್ತಾರಾ?”

ನಾನು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದ್ದೆ. ಅವರು ಮೊದಲನೆಯದಕ್ಕೆ ಉತ್ತರ ಕೊಟ್ಟಿದ್ದರು. ನಾನು ಎರಡನೆಯದಕ್ಕೆ ಉತ್ತರ ಇಸಿದುಕೊಂಡಿದ್ದೆ. ಇದು ಆ ಕಾರಿನಲ್ಲೇ ನನಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಸಿಟ್ಟು ಇಮ್ಮಡಿಸಿತು.

“ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಬೇಕು. ಅಡ್ಡಿಲ್ಲ ಅಂದ್ರೆ ಯಾರಿಗೆ ಏನು ತಿಳಿಯತ್ತೆ? ಅಡ್ಡಿಲ್ಲವಂತೆ, ಮಾರಾಯ್ರಂತೆ! ಇನ್ನು ಮೇಲೆ ನನ್ನ ಹತ್ತಿರ ನೆಟ್ಟಗೆ ಕನ್ನಡದಲ್ಲಿ ಮಾತಾಡಿ.”

ಅವರು ಗಾಜಿನ ಮೇಲಿನ ಉಪ್ಪು ಒರೆಸಲು ವೈಪರ್ ಹಾಕಿದರು. “ಆಯ್ತು,” ಎಂದರು.

ಕೆಲಸ ಬಿಟ್ಟುಬಿಡಬೇಕೆಂದೇ ಮಾರನೆಯ ದಿನ ಹೋದೆ. ಅವರು ಒಂದು ಬ್ಲಾಕನ್ನು ಒಡೆದು ನನಗಾಗಿ ಕಾಯುತ್ತಿದ್ದರು. ಸರಳು ಮಲಗಿದ್ದ ತೋಡಿನ ಸುತ್ತ, ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ, ಬಟ್ಟೆ ಚಹಾ ಹೀರಿದಂತೆ ಕಂದುಬಣ್ಣ ಹರಡಿತ್ತು.

“ತುಕ್ಕು ಮೊದಲು ಈ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಇದು ತುಂಬುವವರೆಗೆ ಒತ್ತಡ ಇರುವುದಿಲ್ಲ,” ಎಂದರು. “ನಿಮ್ಮ ಲೆಕ್ಕದಲ್ಲಿ ಈ ಜಾಗವನ್ನು ಬಿಟ್ಟಿದ್ದೀರಿ. ಸೇರಿಸಿದರೆ ಸರಿಯಾಗುತ್ತದೆ.”

ಪಠ್ಯಪುಸ್ತಕ ಓದಿದಂತಿತ್ತು. ‘ಉಂಟು’ ಇಲ್ಲ, ‘ಎಂತ’ ಇಲ್ಲ, ‘ಮಾರಾಯ್ರೆ’ ಇಲ್ಲ. ಇದು ನನ್ನನ್ನು ದೂರವಿಡುವ ಉಪಾಯವೆಂದು ತಿಳಿದೆ. ಲ್ಯಾಬಿನ ಸಹಾಯಕನಿಗೆ, ಕಟ್ಟಡದ ಕಾವಲುಗಾರರಿಗೆ, ಪಕ್ಕದ ಕೋಣೆಯ ಚೀನಾದ ವಿದ್ಯಾರ್ಥಿಗೆ ಇನ್ನೂ ‘ಮಾರಾಯ’ ನಡೆಯುತ್ತಿತ್ತು. ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲ ಏಕಮಾತ್ರ ಜೀವಿಯಾದ ನನಗೆ ಮಾತ್ರ ಆಕಾಶವಾಣಿ. ಯಾವ ಮಾತನ್ನು ಅವಮಾನವೆಂದು ಎಣಿಸಿದ್ದೆನೋ ಅದರ ಗೈರುಹಾಜರಿಯನ್ನು ಇನ್ನೂ ದೊಡ್ಡ ಅವಮಾನವೆಂದು ಎಣಿಸಿಕೊಂಡೆ.

ಜಾಗವನ್ನು ಸೇರಿಸಿದೆ. ರೇಖೆ ಬಲಕ್ಕೆ ಸರಿಯಿತು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಒರೆಸಿದ ಬ್ಲಾಕು ಒಣಗುತ್ತಿದ್ದಂತೆ, ಮೊದಲ ಕಪ್ಪು ಕೂದಲೆಳೆ ಕಂಡಿತು, ಹೊಸ ರೇಖೆ ಹೇಳಿದ್ದಕ್ಕೆ ಬಹಳ ಹತ್ತಿರದಲ್ಲಿ. ಅವರು ಒದ್ದೆ ಬೈರಾಸನ್ನು ಮುಖಕ್ಕೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನನ್ನತ್ತ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ, “ತುಂಬಾ ಚೆನ್ನಾಗಿದೆ,” ಎಂದರು.

ಹೊಸ ಪ್ರಬಂಧದಲ್ಲಿ ನನ್ನ ಹೆಸರು ಮೊದಲು ಬಂತು. ಅಚ್ಚಾದ ಪ್ರತಿಯನ್ನು ಯಜಮಾನರ ಕ್ಲಿನಿಕ್ಕಿನ ಮೇಜಿನ ಮೇಲೆ, ರೋಗಿಗಳಿಗೆ ಕಾಣುವಂತೆ ಇಟ್ಟೆ. ಆದರೆ ಅದಕ್ಕಿಂತ ಹೆಚ್ಚಾಗಿ ನಾನು ಜೋಪಾನ ಮಾಡಿದ್ದು ಆ ಎರಡು ಪದಗಳನ್ನು. ಅಂಥ ಬಿಗಿ ಬಾಯಿಯ ಮನುಷ್ಯನಿಂದ ‘ತುಂಬಾ ಚೆನ್ನಾಗಿದೆ’ ಎನ್ನಿಸಿಕೊಂಡವಳು ನಾನೊಬ್ಬಳೇ ಎಂದು ಎಷ್ಟು ಮನೆಗಳಲ್ಲಿ, ಎಷ್ಟು ಊಟಗಳ ನಡುವೆ ಹೇಳಿಕೊಂಡಿದ್ದೇನೆ.

ಅವರು ನಿವೃತ್ತರಾದ ಮೇಲೂ ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. “ನಮಸ್ಕಾರ. ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಅಷ್ಟೇ. ತಣ್ಣಗೆ ಫೋನ್ ಇಡುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಹೋದರು. ದಹನವಾದ ಮೇಲೆ ಡಿಡ್ಸ್‌ಬರಿಯ ಅವರ ಮನೆಯಲ್ಲಿ ಚಹಾ ಹಿಡಿದು ಕುಳಿತಿದ್ದೆವು. ಅವರ ಮಗಳು ಇಲ್ಲಿಯೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕುಳಿತು, ಅತ್ತ ಕಣ್ಣಿನಲ್ಲೇ ನಕ್ಕಳು.

“ಆಂಟಿ, ನಿಮಗೆ ಗೊತ್ತಾ? ನಾವು ಅದನ್ನು ‘ಆಂಟಿ ವಾಯ್ಸ್’ ಅಂತಿದ್ದೆವು. ನಿಮ್ಮ ಫೋನ್ ಬಂದರೆ ಅಪ್ಪ ನೆಟ್ಟಗೆ ಎದ್ದು ನಿಂತು ಬೇರೆ ಯಾರೋ ಆಗಿಬಿಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ನಾನು ಟೀಚರ್, ಅವರು ಸ್ಟೂಡೆಂಟ್. ತಪ್ಪಿದರೆ ನಾನು ಹಾರ್ನ್ ಒತ್ತಬೇಕು.”

“ಯಾಕೆ?” ಎಂದೆ. ಯಾಕೆಂದು ನನಗೆ ಗೊತ್ತಿತ್ತು.

ಅವರ ಹೆಂಡತಿ ಕಪ್ಪುಗಳನ್ನು ಎತ್ತಿಡುತ್ತ ಹೇಳಿದರು: “ನಿಮ್ಗೆ ಬೇಜಾರಾಗ್ಬಾರ್ದು ಅಂತ. ತನ್ನ ಮಾತಿನಿಂದ ನಿಮ್ಗೆ ಸಭೇಲಿ ಮರ್ಯಾದೆ ಹೋಯ್ತು ಅಂತ ಅವ್ರಿಗೆ ತುಂಬಾ ನೋವಿತ್ತು. ಕೊನೆ ಕೊನೆಗೆ ಅಡ್ಡಿಲ್ಲ ಅನ್ನುದನ್ನೇ ಬಿಟ್ಟಿದ್ರು, ಮನೇಲೂ. ನನ್ನ ಮೀನು ಸಾರಿಗೂ ಇಲ್ಲ.” ಇನ್ನೊಂದು ಕಪ್ಪು ಎತ್ತಿಕೊಂಡು, “ಆ ಲೆಕ್ಕ ಮೊದಲು ನೋಡಿ ಏರ್‌ಪೋರ್ಟಿಗೆ ಹೋಗುವಾಗ ದಾರಿ ಇಡೀ ಅದನ್ನೇ ಹೇಳಿದ್ರು. ಅಮ್ಮನಿಗೆ ಹುಷಾರಿಲ್ಲ ಅಂತ ಹೊರಟ ಮನುಷ್ಯ! ‘ಅಡ್ಡಿಲ್ಲ ಮಾರಾಯ್ತಿ ಆ ಹೆಂಗಸು, ಅಡ್ಡಿಲ್ಲ’ ಅಂತ. ಅವ್ರ ಬಾಯಲ್ಲಿ ಅದಕ್ಕಿಂತ ಮೇಲಿನ ಮಾತಿರ್ಲಿಲ್ಲ,” ಎಂದರು.

ನಾನು ನನ್ನ ಲೋಟವನ್ನೂ ಅವರ ಕೈಗೆ ಕೊಟ್ಟೆ.

“ಸಂಚಿಕೆಗೆ ನೀವೇ ಎರಡು ಪುಟ ಬರೆದುಕೊಡ್ಬೇಕು. ಅಡ್ಡಿಲ್ಲ ಅಲ್ವಾ?” ಎಂದರು ಆಕೆ.

ನೋಡಿ, ಅನುಮತಿಗೂ ಆ ಕಡೆಯವರು ಅದೇ ಮಾತನ್ನು ಬಳಸುತ್ತಾರೆ. ನಾನು ಅಂದು ಕೇಳಿಸಿಕೊಂಡದ್ದು ಸುಳ್ಳಲ್ಲ. ಇದನ್ನು ಇಲ್ಲಿ ದಾಖಲಿಸದೆ ಬಿಡಲಾರೆ. ಆದರೆ ‘ಅಡ್ಡಿಲ್ಲ’ ಎಂದು ತಿರುಗಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. “ಆಗಲಿ,” ಎಂದು ಎದ್ದು ಬಂದೆ.

ನನಗೆ ನಿಜವಾಗಿ ಸಿಕ್ಕಿದ್ದ ಹೊಗಳಿಕೆ ಮೊದಲನೆಯದು, ಆ ‘ಅಡ್ಡಿಲ್ಲ’. ಅದನ್ನು ಪಾತ್ರೆಯ ಜೊತೆ ತಿಕ್ಕಿ ತೊಳೆದು ಚೆಲ್ಲಿದ್ದೆ. ಮನೆಮನೆಗೆ ಹೊತ್ತು ತೋರಿಸಿದ ಎರಡನೆಯದು, ತನ್ನ ಊರಿನ ಮಾತನ್ನು ಬಾಯೊಳಗೇ ತಡೆದುಕೊಂಡು, ಕಾರಿನಲ್ಲಿ ಮಗಳಿಂದ ಹಾರ್ನ್ ಒತ್ತಿಸಿಕೊಂಡು, ಒಬ್ಬ ವಯಸ್ಕ ಮನುಷ್ಯ ನನಗಾಗಿ ಬಾಯಿಪಾಠ ಮಾಡಿದ್ದು.